ಬಾನೆಟ್ಟಿನ ಮೇಲಿನ ಏಳು ಗಾಯ

ನುಗ್ಗೇಹಳ್ಳಿಯ ಕೊಬ್ಬರಿ ವ್ಯಾಪಾರಿ ಗೌರೀಶಂಕರ ಅವರ ಕೆಂಪು ಕಾರಿನ ಬಾನೆಟ್ಟಿನ ಮೇಲೆ ಏಳು ಕಡೆ ಬಣ್ಣ ಎದ್ದುಹೋಗಿತ್ತು. ಭಾರೀ ಗಾಯಗಳೇನಲ್ಲ. ಮುಂದೆ ಹೋಗುವ ಲಾರಿಗಳ ಚಕ್ರದಿಂದ ಸಿಡಿದ ಜಲ್ಲಿ ಬಡಿದು ಆದವು. ಆರು ಸಾಸಿವೆಯಷ್ಟು, ಒಂದು ಮಾತ್ರ ಅವರೆಕಾಳಿನಷ್ಟು. ಆದರೆ ಆ ಏಳು ಚುಕ್ಕೆ ಇಲ್ಲದೇ ಹೋಗಿದ್ದರೆ ಪೇಂಟರ್ ಪಾಲಾಕ್ಷನ ಶುಕ್ರವಾರ ಉಳಿದೆಲ್ಲ ಶುಕ್ರವಾರಗಳ ಹಾಗೆ ತಣ್ಣಗೆ ಕಳೆದುಹೋಗುತ್ತಿತ್ತು.

ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಪಾಲಾಕ್ಷನ ತಗಡಿನ ಶೆಡ್ಡು. ಹತ್ತೊಂಬತ್ತು ವರ್ಷದಿಂದ ಅವನು ಅಲ್ಲಿ ಹಾಲಿನ ವ್ಯಾನು, ಸ್ಕೂಲ್ ಬಸ್ಸು, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುತ್ತ ಬಂದಿದ್ದ. ಹತ್ತೊಂಬತ್ತು ವರ್ಷದಿಂದಲೂ ಈ ಕಾರು ಅವನ ಶೆಡ್ಡಿನ ಮುಂದೆ ಹಾದುಹೋಗುತ್ತಿತ್ತು. ಎರಡೇ ಬಾಗಿಲು, ಎರಡೇ ಸೀಟು. ಹಾರಲು ಸಿದ್ಧವಾಗಿ ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಕಪ್ಪೆಯ ಹಾಗೆ ತಗ್ಗಾಗಿರುವ ಮೈ. ಅದರ ಸದ್ದು ಕೇಳಿದರೆ ಪಾಲಾಕ್ಷನ ಕೈ ನಿಂತುಬಿಡುತ್ತಿತ್ತು. ಅವನು ಬಣ್ಣ ಹೊಡೆದ ಟ್ರ್ಯಾಕ್ಟರಿನಲ್ಲಿ ಎಲ್ಲಾದರೂ ಒಂದು ಕಡೆ ಬಣ್ಣ ದಪ್ಪಗೆ ಕೂತಿದ್ದರೆ, “ಆಗ ಕೆಂಪು ಕಾರು ಓಗಿರ್ಬೇಕು ಬುಡು” ಎಂದು ಗಿರಾಕಿಗಳೇ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಆ ಕಾರು ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಹಾದುಹೋಗದೆ ಶೆಡ್ಡಿನೊಳಕ್ಕೇ ಬಂತು. ಗೌರೀಶಂಕರ ಕೆಳಗಿಳಿಯಲು ಎರಡು ನಿಮಿಷ ಹಿಡಿಯಿತು.

“ಮಂಡಿ ಬಗ್ಗಲ್ಲ ಕಣಪ್ಪ ಈಗೀಗ. ಇದರೊಳಗೆ ಕೂರೋದೂ ಒಂದೇ, ಬಾವಿಗಿಳಿಯೋದೂ ಒಂದೇ” ಎಂದರು. “ಮಾರಿಬಿಡ್ತೀನಿ. ಸಾಯಂಕಾಲ ಐದಕ್ಕೆ ಹಾಸನದಿಂದ ಒಬ್ಬ ಬತ್ತಾನೆ ನೋಡಕ್ಕೆ. ಈ ಗಾಯ ಒಂದಿಷ್ಟು ಮುಚ್ಚು.”

ಪಾಲಾಕ್ಷ ಕೈಲಿದ್ದ ಕುಂಚ ಕೆಳಗಿಟ್ಟ. “ಮಾರ್ಬುಡ್ತೀರಾ ಸಾ?”

ಗೌರೀಶಂಕರ ಅವನ ಮುಖ ನೋಡಿದರು. ಹತ್ತೊಂಬತ್ತು ವರ್ಷದಿಂದ ರಸ್ತೆಯಲ್ಲಿ ಆ ಮುಖವನ್ನು ಅವರೂ ನೋಡಿದ್ದರು. “ಅವನು ಒಪ್ಪಿದ್ರೆ ಅವನಿಗೆ. ಒಪ್ಪಲಿಲ್ಲ ಅನ್ನು, ನೀನೇ ಇಟ್ಕೊ. ಒಂದು ಹಳೇ ಸ್ಕೂಟರ್‌ಗೆ ಕೊಡೋದು ಕೊಡು, ಸಾಕು. ಮನೇಲಿ ನಿಂತು ತುಕ್ಕು ಹಿಡಿಯೋದು ನನ್ನ ಕೈಲಿ ನೋಡಕ್ಕಾಗಲ್ಲ” ಎಂದವರೇ ಬಸ್ಸು ಹತ್ತಿ ಪೇಟೆಗೆ ಹೋದರು.

ಪಕ್ಕದ ಪಂಕ್ಚರ್ ಅಂಗಡಿಯ ಪುಟ್ಟರಾಜು ಟ್ಯೂಬನ್ನು ನೀರಿಗೆ ಅದ್ದಿ ಕೂತಿದ್ದವನು ಈ ಮಾತು ಕೇಳಿ ಟ್ಯೂಬನ್ನು ಅಲ್ಲೇ ಬಿಟ್ಟು ಎದ್ದುಬಂದ.

“ಲೇ ಪಾಲಾಕ್ಷ, ದೇವ್ರು ಬಾಗ್ಲು ತೆಗ್ದವ್ನೆ ಕಣ್ಲಾ! ಆ ಗಾಯನ ಮುಚ್ಬ್ಯಾಡ. ಇನ್ನೊಂದೈದು ಮಾಡು. ಹಾಸನದೋನು ಮೂಗು ಮುರ್ಕೊಂಡು ಓಯ್ತಾನೆ. ಕಾರು ನಿಂದೇಯ!”

“ಸುಮ್ಕಿರ್ಲಾ” ಎಂದ ಪಾಲಾಕ್ಷ. ಆದರೆ ಮಾತು ಒಳಗೆ ಹೋಗಿ ಕೂತಿತು. ಅವನು ಬ್ಲೇಡು ಕೈಗೆ ತೆಗೆದುಕೊಂಡ, ಕೆಳಗಿಟ್ಟ. ಮತ್ತೆ ತೆಗೆದುಕೊಂಡ. ಅವರೆಕಾಳಿನಷ್ಟಿದ್ದ ಗಾಯದ ಅಂಚಿನಲ್ಲಿ ಒಂದಿಷ್ಟು ತುಕ್ಕು ಕಾಣಿಸಿತು. ಮಗುವಿನ ಕಣ್ಣಲ್ಲಿ ಪಿಸರು ಕಂಡ ತಾಯಿಯ ಹಾಗೆ ಅವನ ಕೈ ತಾನಾಗಿ ಅದನ್ನು ತೆಗೆಯತೊಡಗಿತು. ಕೆಡಿಸುವ ವಿದ್ಯೆಯನ್ನು ಆ ಕೈ ಕಲಿತಿರಲೇ ಇಲ್ಲ.

ತುಕ್ಕು ಕೆರೆದು, ನೀರಿನಲ್ಲಿ ನೆನೆಸಿದ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಹಲ್ಲುಕಡ್ಡಿಯ ತುದಿಯಲ್ಲಿ ಪ್ರೈಮರ್ ಅದ್ದಿ ಒಂದೊಂದು ಗಾಯಕ್ಕೂ ಒಂದೊಂದು ತೊಟ್ಟು ಇಟ್ಟ. ಆಮೇಲೆ ಬಣ್ಣ ಕಲೆಸಲು ಕೂತ. ಬಿಸಿಲಿಗೆ ಮಾಗಿದ ಕೆಂಪು ಡಬ್ಬಿಯಲ್ಲಿ ಸಿಗುವುದಿಲ್ಲ. ಕೆಂಪಿಗೆ ಒಂದು ಹನಿ ಹಳದಿ, ಅರ್ಧ ಹನಿ ಕಪ್ಪು, ಮತ್ತೆ ಕೆಂಪು. ಹತ್ತೂವರೆಯ ಹೊತ್ತಿಗೆ ಏಳು ಗಾಯಕ್ಕೂ ಬಣ್ಣ ತುಂಬಿತ್ತು. ಇನ್ನು ಅದು ಒಣಗಬೇಕು, ಉಜ್ಜಿ ಸಮ ಮಾಡಬೇಕು, ಮೇಲೆ ಕಲ್ಲು ತಡೆಯುವ ಪಾರದರ್ಶಕ ಹಾಳೆ ಅಂಟಿಸಬೇಕು. ಆ ಹಾಳೆಯ ಸುರುಳಿಯನ್ನು ಅವನು ಎರಡು ವರ್ಷದ ಹಿಂದೆಯೇ ತಂದು, ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದ. ಯಾವ ಕಾರಿಗೆ ಎಂದು ಯಾರಿಗೂ ಹೇಳಿರಲಿಲ್ಲ.

ಅವನು ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ಪುಟ್ಟರಾಜು ಗಾಳಿ ಪೈಪು ಹಿಡಿದು ಒಂದು ಮಣ್ಣು ಮೆತ್ತಿದ ಟೈರಿಗೆ ಬುಸ್ಸೆಂದು ಬಿಟ್ಟ. ಧೂಳು ನೆಟ್ಟಗೆ ಬಾನೆಟ್ಟಿನ ಮೇಲೆ ಹೋಗಿ ಕೂತಿತು.

“ಅಯ್ಯೋ ನಿನ್ನ! ಏನ್ಲಾ ಮಾಡ್ದೆ?”

“ಟೈರು ಕಿಲೀನ್ ಮಾಡ್ತಿದ್ದೆ ಕಣಪ್ಪ” ಎಂದು ಪುಟ್ಟರಾಜು ಕಣ್ಣು ಮಿಟುಕಿಸಿದ. “ನಿಂಗಾಗಲ್ಲ ಅಂತ ಗೊತ್ತು. ಅದ್ಕೇ ನಾನೇ ಶುರು ಹಚ್ಕೊಂಡೆ.”

ಪಾಲಾಕ್ಷ ಸೂಜಿ ತಂದು ಧೂಳಿನ ಒಂದೊಂದು ಕಣವನ್ನೂ ಹೇನು ಹೆಕ್ಕಿದಂತೆ ಹೆಕ್ಕಿದ. ಬಣ್ಣವನ್ನು ಮತ್ತೆ ಮೊದಲಿಂದ ಇಟ್ಟ.

ಎದುರಿನ ಟೀ ಅಂಗಡಿಯ ಜಯಲಕ್ಷ್ಮಮ್ಮನಿಗೆ ಪುಟ್ಟರಾಜುವಿನ ದಾರಿ ಒಪ್ಪಿಗೆಯಾಗಲಿಲ್ಲ. ಆಕೆ ದೈವಭಕ್ತೆ. “ಕಳ್ ಬುದ್ಧಿ ಯಾಕ್ಲಾ ಏಳ್ಕೊಡ್ತೀಯ? ಋಣ ಇದ್ರೆ ತಾನಾಗೇ ಬತ್ತದೆ” ಎನ್ನುತ್ತ ಬಂದವಳು, ಪಾಲಾಕ್ಷ ತಡೆಯುವಷ್ಟರಲ್ಲಿ, ಕಾರು ಇವನ ಮನೆಯನ್ನೇ ಸೇರಲೆಂದು ಬೇಡಿಕೊಂಡು ಮೂರು ಬೆರಳಿನಲ್ಲಿ ಬಾನೆಟ್ಟಿನ ನಟ್ಟನಡುವೆ ವಿಭೂತಿ ಎಳೆದೇಬಿಟ್ಟಳು. ಮಧ್ಯದ ಬೆರಳು ಸರಿಯಾಗಿ ಅವರೆಕಾಳಿನ ಗಾಯದ ಮೇಲೆ ಹಾದುಹೋಯಿತು. ಹಸಿ ಬಣ್ಣ ಕುಂಕುಮವಾಯಿತು.

“ನೋಡ್ದಾ, ಕುಂಕ್ಮ ತಾನಾಗೇ ಬಂತು! ಒಳ್ಳೇ ಸಕುನ” ಎಂದು ಆಕೆ ಕೈ ಮುಗಿದಳು. ಪಾಲಾಕ್ಷ ತಲೆ ಮೇಲೆ ಕೈಯಿಟ್ಟು ಕೂತ. ಮೂರನೇ ಸಲ ಬಣ್ಣ ಕಲೆಸಿದ.

ಒಂದು ಗಂಟೆಗೆ ಹೆಂಡತಿ ಗಂಗಾಂಬಿಕೆ ಬುತ್ತಿ ತಂದಳು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಒಂದ್ಸಲ ಕೂತ್ಕೊಳ್ಳಾ?” ಎಂದಳು.

ಪಾಲಾಕ್ಷ ಯೋಚಿಸಿ, “ಬಳೆ ತೆಗೀಬೇಕಾಯ್ತದೆ” ಎಂದ.

ಆಕೆ ಬಳೆ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಸೀಟಿನ ಮೇಲೆ ಪೇಪರು ಹಾಸಿದ. ಗಂಗಾಂಬಿಕೆ ಒಳಗೆ ಕೂತು, ಬುತ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಮುಂದಿನ ಸೀಟು ಸಿಕ್ಕವಳ ಹಾಗೆ ನೆಟ್ಟಗೆ ಎದುರು ನೋಡಿದಳು. ಎದುರಿಗಿದ್ದದ್ದು ಪುಟ್ಟರಾಜುವಿನ ಹಳೇ ಟೈರಿನ ರಾಶಿ.

“ಎಲ್ಲಿಗೋಯ್ತಾ ಇದ್ದೀಯೆ?” ಎಂದು ಪಾಲಾಕ್ಷ ಕಿಟಕಿಯಲ್ಲಿ ಬಗ್ಗಿ ಕೇಳಿದ.

“ಅರಕಲಗೂಡಿಗೆ. ನಮ್ಮವ್ವನ ಮನೆಗೆ.”

“ಎಲ್ಲೀಗಂಟ ಬಂದೆ?”

“ಒಳೆನರಸೀಪುರ ದಾಟ್ತು. ಒಳೇಲಿ ನೀರು ಚೆನ್ನಾಗದೆ” ಎಂದು ಆಕೆ ಟೈರಿನ ರಾಶಿಯನ್ನೇ ನೋಡುತ್ತ ಹೇಳಿದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ತವರಿಗೆ ಅವಳು ಬಸ್ಸಿನಲ್ಲಿ ನಿಂತೇ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಆಕೆಯೇ ಇಳಿದು, ಬಳೆ ತೊಟ್ಟುಕೊಂಡು, ಸಣ್ಣ ದನಿಯಲ್ಲಿ, “ಒಸಿ ಅಂಗೇ ಬುಟ್ಬುಡಿ ಅತ್ಲಾಗೆ. ಯಾರು ಕೇಳ್ತಾರೆ?” ಎಂದು ಹೇಳಿ ಹೋದಳು.

ಪಾಲಾಕ್ಷ ಬಹಳ ಹೊತ್ತು ಕಾರಿನ ಮುಂದೆ ನಿಂತ. ಅಂಗೇ ಬಿಡಬಹುದು. ಏನೂ ಮಾಡುವುದೇ ಬೇಡ, ಬಣ್ಣವನ್ನು ಉಜ್ಜಿ ಸಮ ಮಾಡದೆ ಬಿಟ್ಟರೆ ಸಾಕು, ಹಾಸನದವನು ಒಪ್ಪುವುದಿಲ್ಲ. ಹಾಗೆ ನಿರ್ಧಾರ ಮಾಡಿ, ಕುಂಚವನ್ನು ಥಿನ್ನರಿಗೆ ಹಾಕಿ, ಮನಸ್ಸು ಗಟ್ಟಿ ಮಾಡಿಕೊಳ್ಳಲು ಎದುರಿನ ಟೀ ಅಂಗಡಿಗೆ ಹೋದ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸ್ನೇಹಿತನ ಈ ನಿರ್ಧಾರ ಪುಟ್ಟರಾಜುವಿಗೆ ಗೊತ್ತಿರಲಿಲ್ಲ. ಅವನು ಒಂದು ಪೊಟ್ಟಣ ಖಾರದ ಮಂಡಕ್ಕಿ ತಂದು ಬಾನೆಟ್ಟಿನ ಮೇಲೆ ಅಕ್ಷತೆ ಹಾಕಿದ ಹಾಗೆ ಚೆಲ್ಲಿದ. ಎರಡು ನಿಮಿಷಕ್ಕೆ ಚನ್ನರಾಯಪಟ್ಟಣದ ಕಾಗೆಗಳೆಲ್ಲ ಬಂದವು. ಪಾಲಾಕ್ಷ ಲೋಟ ಬಿಸಾಕಿ ಓಡಿಬರುವಾಗ ಕೆಂಪು ಬಾನೆಟ್ಟು ಕಪ್ಪಾಗಿತ್ತು. ಅವನ್ನು ಓಡಿಸಿದ ಮೇಲೆ ನೋಡಿದರೆ ಉದ್ದಕ್ಕೂ ಅಡ್ಡಕ್ಕೂ ಉಗುರಿನ ಗೀರು, ನಡುನಡುವೆ ಸುಣ್ಣದ ಹಾಗೆ ಹಿಕ್ಕೆ.

“ಈಗ ಯಾವನು ತಕ್ಕಂತಾನೆ ನೋಡಾನ!” ಎಂದು ಪುಟ್ಟರಾಜು ಗೆದ್ದವನಂತೆ ಸೊಂಟಕ್ಕೆ ಕೈಯಿಟ್ಟ.

ಪಾಲಾಕ್ಷನ ಕಣ್ಣಲ್ಲಿ ನೀರು ಬಂತು. “ಅದಕ್ಕೆ ಬಾಯಿಲ್ಲ ಕಣ್ಲಾ. ನಂಬ್ಕೊಂಡು ನನ್ನತ್ರ ಬಂದದೆ” ಎಂದಷ್ಟೇ ಹೇಳಿದ. ಆಮೇಲೆ ಅವನು ಅಂಗಿಯ ತೋಳು ಮಡಿಸಿದ. ಇಂಥ ಗೀರುಗಳಿಗೆ ಹಲ್ಲುಕಡ್ಡಿ ಸಾಲದು. ಇಡೀ ಬಾನೆಟ್ಟನ್ನು ಉಜ್ಜಿ, ಸುತ್ತ ಪೇಪರು ಅಂಟಿಸಿ, ಸ್ಪ್ರೇ ಗನ್ನು ಹಿಡಿದು ಮೂರು ಕೋಟು ಬಣ್ಣ, ಮೇಲೆ ಹೊಳಪಿಗೆ ಎರಡು ಕೋಟು ಕ್ಲಿಯರ್ ಹೊಡೆದ. ದೊಡ್ಡ ದೀಪವಿಟ್ಟು ಒಣಗಿಸಿದ. ಪುಟ್ಟರಾಜುವಿಗೂ ಹೆದರಿಕೆಯಾಗಿ, ತಾನೇ ಟವೆಲು ಬೀಸುತ್ತ ನೊಣ ಕೂರದಂತೆ ಕಾದ. ಐದಕ್ಕೆ ಹತ್ತು ನಿಮಿಷವಿರುವಾಗ ಕೆಲಸ ಮುಗಿಯಿತು. ಜಯಲಕ್ಷ್ಮಮ್ಮ ಬಗ್ಗಿ ನೋಡಿ, ಬಾನೆಟ್ಟಿನಲ್ಲಿ ಕಂಡ ತನ್ನ ಮುಖಕ್ಕೆ ಸೆರಗು ಸರಿಮಾಡಿಕೊಂಡಳು.

ಐದಕ್ಕೆ ಹಾಸನದ ಕೀರ್ತಿರಾಜ್ ತನ್ನ ಕಾರಿನಲ್ಲಿ ಗೌರೀಶಂಕರ ಅವರನ್ನೂ ಕೂರಿಸಿಕೊಂಡು ಬಂದ. ಹಳೇ ಕಾರುಗಳನ್ನು ಕೊಂಡು ಮಾರುವುದು ಅವನ ಹವ್ಯಾಸ. ಹಗಲಿನಲ್ಲೂ ಟಾರ್ಚು ಬಿಟ್ಟು ನೋಡುವ ಆಸಾಮಿ. ಅವನು ಬಾನೆಟ್ಟಿನ ಮೇಲೆ ಟಾರ್ಚು ಬಿಟ್ಟ. ಬಗ್ಗಿದ. ಮೂಸಿ ನೋಡಿದ.

“ಏನ್ ಸರ್ ಇದು? ಫುಲ್ ರೀಪೇಂಟು! ಈ ವಯಸ್ಸಿನ ಗಾಡಿಗೆ ಒಂದು ಕಲ್ಲೇಟಿನ ಚುಕ್ಕೆನೂ ಇಲ್ವಾ? ಎಲ್ಲೋ ಮೂತಿ ಜಜ್ಜಿದೆ, ಮುಚ್ಚಿದ್ದೀರ. ಏಳೆಂಟು ಚುಕ್ಕೆ ಇದ್ದಿದ್ರೆ ಕಣ್ಮುಚ್ಕೊಂಡು ತಗೊಂಡಿರ್ತಿದ್ದೆ. ಬೇಡ ಬಿಡಿ.”

ಪಾಲಾಕ್ಷ ವಿವರಿಸಲು ಬಾಯಿ ತೆರೆದ. ಪುಟ್ಟರಾಜು ಅವನ ಕಾಲು ತುಳಿದ. ಕೀರ್ತಿರಾಜ್ ಬಂದ ದಾರಿಯಲ್ಲೇ ಧೂಳೆಬ್ಬಿಸಿಕೊಂಡು ಹೊರಟುಹೋದ.

ಜಯಲಕ್ಷ್ಮಮ್ಮ ಆಕಾಶಕ್ಕೆ ಕೈ ಮುಗಿದಳು. ಪುಟ್ಟರಾಜು ಟೈರಿನ ರಾಶಿಯ ಹಿಂದೆ ಹೋಗಿ ಗಂಗಾಂಬಿಕೆಗೆ ಫೋನು ಮಾಡಿ, “ಅಕ್ಕಾ, ಕಾರು ನಿಮ್ದಾಗೋಯ್ತು! ಬೇಗ ಬನ್ನಿ!” ಎಂದು ಕೂಗಿದ. ಪಾಲಾಕ್ಷ ಒರೆಸಿಕೊಂಡ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡು, “ಸಾ…” ಎಂದು ಗೌರೀಶಂಕರ ಅವರ ಬಳಿ ಹೋದ.

ಗೌರೀಶಂಕರ ಅವನ ಕಡೆ ತಿರುಗಲಿಲ್ಲ. ಅವರು ಬಾನೆಟ್ಟನ್ನೇ ನೋಡುತ್ತ ನಿಂತಿದ್ದರು. ಇಳಿಬಿಸಿಲು ಅದರ ಮೇಲೆ ಬಿದ್ದು ಅವರ ಬಿಳಿ ಅಂಗಿಯೂ ಕೆಂಪಗಾಗಿತ್ತು.

“ಇದನ್ನ ತಂದ ದಿವ್ಸ ಹಿಂಗೇ ಇತ್ತು ಕಣಪ್ಪ” ಎಂದರು ಕೊನೆಗೆ. “ನಮ್ಮವಳನ್ನ ಕೂರಿಸ್ಕೊಂಡು ಹಾಸನದಿಂದ ಬಂದೆ. ದಾರಿಯುದ್ದಕ್ಕೂ ಮಾತೇ ಆಡಲಿಲ್ಲ ಅವಳು, ನಗ್ತಾನೇ ಇದ್ಳು. ಅವಳು ಹೋಗಿ ಹನ್ನೊಂದು ವರ್ಷ. ಆ ಬಣ್ಣ ನಂಗೆ ಮರ್ತೇಹೋಗಿತ್ತು.” ಕೀಗೆ ಕೈ ಚಾಚಿ, “ಮಾರಲ್ಲ ಇದನ್ನ” ಎಂದರು.

“ಅವ್ನು ಒಪ್ಪಲಿಲ್ಲ ಅಂದ್ರೆ ನಂಗೆ ಕೊಡ್ತೀನಿ ಅಂದಿದ್ರಿ ಸಾ…”

“ಅಂದಿದ್ದೆ. ಅದು ಏಳು ಗಾಯದ ಹಳೇ ಕಾರು” ಎಂದು ಗೌರೀಶಂಕರ ಅವನ ಹೆಗಲ ಮೇಲೆ ಕೈಯಿಟ್ಟರು. “ಇದು ಬೇರೆ. ಇದನ್ನ ನೀನೇ ವಾಪಸ್ ತಂದ್ಕೊಟ್ಟೆ. ಈಗ ಹೆಂಗಪ್ಪ ಬಿಡ್ಲಿ?”

ಪಾಲಾಕ್ಷ ಕಾರಿನ ಬಾಗಿಲು ತೆರೆದ. ಬಗ್ಗದ ಮಂಡಿಯನ್ನು ಅವನೇ ಹಿಡಿದು ಒಳಗಿಟ್ಟ. ಪುಟ್ಟರಾಜು ಸೊಂಟ ತಳ್ಳಿದ. ಜಯಲಕ್ಷ್ಮಮ್ಮ ಬೆನ್ನಿಗೆ ದಿಂಬು ಕೊಟ್ಟಳು. ಮೂವರೂ ಸೇರಿ ಗೌರೀಶಂಕರ ಅವರನ್ನು ಮೂಟೆ ಹೇರಿದ ಹಾಗೆ ಕಾರಿಗೆ ಹೇರಿದರು.

“ಹೊಸಾ ಬಣ್ಣ ಸಾ. ಒಂದು ತಿಂಗ್ಳು ಹಾಳೆ ಅಂಟ್ಸಂಗಿಲ್ಲ. ಲಾರಿ ಹಿಂದಿಂದೆ ಓಗ್ಬ್ಯಾಡಿ” ಎಂದು ಪಾಲಾಕ್ಷ ಕಿಟಕಿಯಲ್ಲಿ ಹೇಳಿದ. ಅವನ ದನಿ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗಿತ್ತು.

ಕಾರು ರಸ್ತೆಗೆ ಏರಿತು. ಅದೇ ಹೊತ್ತಿಗೆ ಆ ಕಡೆಯಿಂದ ಗಂಗಾಂಬಿಕೆ ಬಂದಳು. ಮೈಮೇಲೆ ಮದುವೆಯ ರೇಷ್ಮೆ ಸೀರೆ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಚಕ್ರಕ್ಕಿಡಲು ನಾಲ್ಕು ನಿಂಬೆಹಣ್ಣು. ಮಣಿಕಟ್ಟು ಬರಿದಾಗಿತ್ತು, ಬಳೆಗಳನ್ನು ಅವಳು ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದಳು. ಕಾರು ಅವಳ ಪಕ್ಕದಲ್ಲೇ ಹಾದುಹೋಯಿತು. ಗೌರೀಶಂಕರ ನಗುತ್ತಿದ್ದರು.

“ಅವ್ವಂಗೆ ಫೋನ್ ಮಾಡ್ಬುಟ್ಟೆ, ಕಾರಲ್ಲಿ ಬತ್ತೀವಿ ಅಂತ” ಎಂದಳು ಆಕೆ ಗಂಡನ ಮುಖ ನೋಡುತ್ತ. ಪುಟ್ಟರಾಜು ನಿಂಬೆಹಣ್ಣನ್ನು ಅವಳ ಕೈಯಿಂದ ಇಸಿದುಕೊಂಡು, ಏನು ಮಾಡುವುದೆಂದು ತಿಳಿಯದೆ ಜಯಲಕ್ಷ್ಮಮ್ಮನಿಗೆ ಕೊಟ್ಟ.

ಅಷ್ಟರಲ್ಲಿ ತಿರುವಿನಲ್ಲಿ ಜಲ್ಲಿ ತುಂಬಿದ ಲಾರಿಯೊಂದು ಕೆಂಪು ಕಾರಿನ ಮುಂದಕ್ಕೆ ನುಗ್ಗಿತು. ಟಣ್ ಎಂದು ಸಣ್ಣ ಸದ್ದಾಯಿತು. ಅಷ್ಟು ದೂರದ ಆ ಸದ್ದು ಪಾಲಾಕ್ಷನಿಗೊಬ್ಬನಿಗೇ ಕೇಳಿಸಿತು. ಹಲ್ಲು ನೋವಿಗೆ ಹಿಡಿದುಕೊಂಡವನ ಹಾಗೆ ಕೆನ್ನೆ ಹಿಡಿದುಕೊಂಡ.

“ಏನಾಯ್ತು?” ಎಂದಳು ಗಂಗಾಂಬಿಕೆ.

“ಎಡಗಡೆ. ದೀಪದ ಮೇಲ್ಗಡೆ” ಎಂದ ಪಾಲಾಕ್ಷ. “ಸಾಸಿವೆ ಗಾತ್ರ. ನಾಳೆ ತರ್ತಾರೆ ಮತ್ತೆ.”

ಗಂಗಾಂಬಿಕೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು.

“ತರ್ಲಿ. ನಾಳೆ ನೀವು ಮನೇಲಿರಿ. ಪೇಂಟು ನಾನ್ ಹಚ್ತೀನಿ, ಅವ್ರೇ ಬ್ಯಾಡ ಅನ್ನಂಗೆ.”