ಅತ್ತೆಗೆ ಬಡಿಸಿದ ತಂಬುಳಿ

ದೆವ್ವಕ್ಕೆ ಹೆದರುತ್ತೇನೆ ಎಂದು ಒಪ್ಪಿಕೊಳ್ಳುವುದು ಸುಲಭ. ತಂಬುಳಿಗೆ ಹೆದರುತ್ತೇನೆ ಎಂದು ಒಪ್ಪಿಕೊಳ್ಳಲು ಧೈರ್ಯ ಬೇಕು. ಅದೂ ನನ್ನಂಥವನಿಗೆ. ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮುಸ್ಸಂಜೆ ಗದ್ದೆಯಲ್ಲಿ ಕಾಣುವ ಬೆಂಕಿ ಕೊಳ್ಳಿದೆವ್ವವಲ್ಲ, ಕೊಳೆತ ಸೊಪ್ಪಿನ ಅನಿಲ ಎಂದು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಚಿತ್ರ ಬರೆದು ಸಾಬೀತು ಮಾಡುತ್ತೇನೆ. ಆಮೇಲೆ ವೇಣೂರಿನ ಬಸ್ಸು ಹತ್ತಿ, ಇಳಿದು, ಗದ್ದೆಯ ಕಡೆಗೆ ನೋಡದೆ ಬಿರಬಿರನೆ ಮನೆಗೆ ನಡೆಯುತ್ತೇನೆ.

ಮನೆ ಎಂದರೆ ಹೆಂಡತಿಯ ಮನೆ. ಸುಂದರಿ ಒಬ್ಬಳೇ ಮಗಳಾದ್ದರಿಂದ ನಾನು ಮನೆ ಅಳಿಯನಾಗಿ ಬಂದವನು. ಮನೆಯ ಒಡತಿ ನನ್ನ ಅತ್ತೆ. ಅವರು ನನ್ನನ್ನು ಒಂದು ದಿನವೂ ಗದರಿದವರಲ್ಲ, 'ಮಾಸ್ಟ್ರೇ' ಎಂದೇ ಕರೆಯುತ್ತಿದ್ದರು. ಆದರೆ ಊಟಕ್ಕೆ ಕೂತರೆ ಅವರ ಬಾಳೆಲೆಯ ಅಂಚು ಒಂದು ನ್ಯಾಯಾಲಯವಾಗುತ್ತಿತ್ತು. ಅನ್ನದಲ್ಲಿ ಸಿಕ್ಕಿದ ಕಲ್ಲು, ಅರೆಯದ ಮೆಣಸಿನ ಸಿಪ್ಪೆ, ಚಟ್ನಿಯಲ್ಲಿ ಉಳಿದ ನಾರು, ಎಲ್ಲವನ್ನೂ ಉಂಗುರದ ಬೆರಳಿನಿಂದ ಎತ್ತಿ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ಇಡುವಾಗ ನಾಲಿಗೆಯಿಂದ 'ಚ್ಚ್' ಎಂದು ಒಂದು ಸಣ್ಣ ಸದ್ದು. ಬೇರೆ ಮಾತಿಲ್ಲ. ಊಟ ಮುಗಿದ ಮೇಲೆ ಅಡಿಗೆ ಮಾಡಿದವರು ಆ ಅಂಚನ್ನು ನೋಡಿ ತಮ್ಮ ಯೋಗ್ಯತೆ ತಿಳಿದುಕೊಳ್ಳಬೇಕು.

ಕೊನೆಗಾಲದಲ್ಲಿ ಅವರಿಗೆ ಏನೂ ಸೇರುತ್ತಿರಲಿಲ್ಲ, ತಿಮರೆಯ ತಂಬುಳಿ ಒಂದನ್ನು ಬಿಟ್ಟು. ತಿಮರೆ ಎಂದರೆ ಶಾಲೆಯ ಪುಸ್ತಕದ ಒಂದೆಲಗ. ಒಗ್ಗರಣೆ ಸೌಟಿನಲ್ಲಿ ತುಪ್ಪ ಬಿಸಿಮಾಡಿ ಜೀರಿಗೆ, ಕಾಳುಮೆಣಸು ಹುರಿದು, ತೆಂಗಿನತುರಿ ಮತ್ತು ಸೊಪ್ಪಿನೊಡನೆ ಬೆಣ್ಣೆಯಂತೆ ಅರೆದು, ಮೊಸರಿನಲ್ಲಿ ಕದಡಿದರೆ ಆಯಿತು. ಒಂದು ಬೇಸಗೆಯ ದಿನ ಸುಂದರಿ ಬಂಟ್ವಾಳದ ನೆಂಟರ ಮನೆಗೆ ಹೋಗಿದ್ದಳು. ತಂಬುಳಿ ನನ್ನ ಪಾಲಿಗೆ ಬಂತು. ಬೇಸಗೆಯಲ್ಲಿ ತಿಮರೆ ಬೇಕಾದರೆ ನೀರು ಹರಿಯುವ ತೋಡಿನ ಬದಿಗೆ ಹೋಗಬೇಕು. ನನಗೆ ಬಸ್ಸಿನಲ್ಲಿ ನಿಂತು ಬಂದ ಸುಸ್ತು, ಮೇಲಿಂದ ಹುಟ್ಟು ಸೋಮಾರಿತನ. ಅಂಗಳದಲ್ಲೇ ದಾಸವಾಳದ ಗಿಡ ಇತ್ತು. ಹೆಂಗಸರು ತಲೆಗೆ ತಿಕ್ಕಿಕೊಳ್ಳುವ ಆ ಲೋಳೆ ಸೊಪ್ಪನ್ನೇ ಕೊಯ್ದು ಅರೆದುಬಿಟ್ಟೆ.

ಅತ್ತೆ ಒಂದು ಬೆರಳು ನೆಕ್ಕಿ ನನ್ನ ಮುಖ ನೋಡಿದರು. "ತಿಮರೆ ಎಲ್ಲಿ ಸಿಕ್ಕಿತು ಮಾಸ್ಟ್ರೇ?"

"ತೋಡಿನ ಬದಿಯಲ್ಲಿ ಬೇಕಾದಷ್ಟು ಉಂಟು ಅತ್ತೆ."

"ಹೌದಾ" ಎಂದು ಪೂರ್ತಿ ಉಂಡರು. ಅವತ್ತು ಎಲೆಯ ಅಂಚು ಖಾಲಿ ಇತ್ತು, 'ಚ್ಚ್' ಕೂಡ ಇಲ್ಲ. ನಾನು ಗೆದ್ದೆ ಎಂದುಕೊಂಡೆ. ಮರುದಿನ ಸುಂದರಿ ಬಂದಳು. ಅದರ ಮರುದಿನ ಅತ್ತೆ ತೀರಿಕೊಂಡರು.

ನಮ್ಮಲ್ಲಿ ತೀರಿಕೊಂಡವರಿಗೆ ಮಳೆಗಾಲದ ಆಟಿ ತಿಂಗಳಿನಲ್ಲಿ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಮುಸ್ಸಂಜೆ ಕೋಣೆಯೊಳಗೆ ಎಲೆ ಹಾಕಿ, ದೀಪ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಬಾಗಿಲು ತೆಗೆಯಬೇಕು. ಉಣ್ಣುತ್ತಿರುವವರ ಮೇಲೆ ಒಮ್ಮೆಲೇ ನುಗ್ಗುವುದು ಮರ್ಯಾದೆಯಲ್ಲವಲ್ಲ! ಆ ವರ್ಷ ಕೋಳಿ, ಕಡುಬು ಎಲ್ಲ ಸುಂದರಿಯೇ ಮಾಡಿದಳು. ಕೊನೆಗೆ ನನ್ನ ಕಡೆ ತಿರುಗಿ, "ಅಮ್ಮ ಕೊನೆಗೆ ರುಚಿಯಿಂದ ಉಂಡದ್ದು ನಿಮ್ಮ ಕೈಯ ತಂಬುಳಿ. ಅದನ್ನು ನೀವೇ ಮಾಡಿ. ಅಮ್ಮ ಅದನ್ನು ಮುಟ್ಟದಿದ್ದರೆ ಬೇಸರ ಇಟ್ಟುಕೊಂಡೇ ಹೋಗಿದ್ದಾರೆ ಅಂತ ನನಗೆ ಗೊತ್ತಾಗ್ತದೆ" ಎಂದಳು.

ಮುಟ್ಟದಿದ್ದರೆ ಕಾರಣ ನಾನು, ಅದನ್ನು ಅವಳಿಗೆ ಹೇಳಬೇಕಾದವನೂ ನಾನು. ಈ ಸಲ ಕಾಲಿಗೆ ಹತ್ತಿದ ಉಂಬಳಕ್ಕೆ ರಕ್ತ ಕೊಟ್ಟು ಗದ್ದೆಯ ಬದುವಿನಿಂದಲೇ ತಿಮರೆ ತಂದೆ. ಒಂದೊಂದು ಎಲೆಯನ್ನೂ ತೊಳೆದೆ. ಅರೆಯಲು ಕೂತಾಗ ಅಡಿಗೆಕೋಣೆಯಲ್ಲಿ ನಾನೊಬ್ಬನೇ. ಕಲ್ಲು ಗರಗರ ಎನ್ನುತ್ತಿತ್ತು. ನಾನು ನಿಲ್ಲಿಸಿದರೆ ಸದ್ದು ಒಂದು ಕ್ಷಣ ತಡವಾಗಿ ನಿಂತಂತೆ ಕೇಳುತ್ತಿತ್ತು. ಮತ್ತೆ ಅರೆದೆ, ಮತ್ತೆ ನಿಲ್ಲಿಸಿದೆ, ಮತ್ತೆ ಹಾಗೆಯೇ. ಬೆನ್ನ ಹಿಂದೆ ಅತ್ತೆ ಕೂರುತ್ತಿದ್ದ ಮಣೆ ಗೋಡೆಗೆ ಒರಗಿತ್ತು. ತಿರುಗಿ ನೋಡುವುದು ವೈಜ್ಞಾನಿಕ ಮನೋಭಾವಕ್ಕೆ ಕುಂದು ಎಂದು ತಿರುಗಲಿಲ್ಲ. ನಿಜ ಹೇಳುತ್ತೇನೆ, ತಿರುಗಲು ಕುತ್ತಿಗೆ ಬರಲಿಲ್ಲ.

ಅತ್ತೆಯದೇ ಕಂಚಿನ ಬಟ್ಟಲಿನಲ್ಲಿ ತಂಬುಳಿ ಇಟ್ಟು ಬಾಗಿಲು ಹಾಕಿದೆವು. ಹೊರಗೆ ಕೂತೆವು. ಕಪ್ಪೆಗಳು ಕೂಗುತ್ತಿದ್ದವು, ಎಲ್ಲವೂ ಒಟ್ಟಿಗೆ ನಿಂತವು. ಆಗ ಒಳಗಿನಿಂದ 'ಚ್ಚ್' ಎಂದಿತು.

"ಹಲ್ಲಿ" ಎಂದೆ ನಾನು.

"ನಾನೇನೂ ಕೇಳಲಿಲ್ಲವಲ್ಲ" ಎಂದಳು ಸುಂದರಿ.

ಕೆಮ್ಮುವ ಕೆಲಸವನ್ನು ಅವಳಿಗೇ ಬಿಟ್ಟೆ, ಅವಳು ಕೆಮ್ಮಿದಳು. ಬಾಗಿಲು ತೆಗೆದರೆ ದೀಪ ಅಲುಗಾಡದೆ ಉರಿಯುತ್ತಿತ್ತು. ಕೋಳಿ, ಕಡುಬು ಇಟ್ಟಲ್ಲೇ ಇದ್ದವು. ತಂಬುಳಿಯ ನಡುವೆ ಒಂದೇ ಒಂದು ಬೆರಳಿನ ಗೆರೆ. ಬಾಳೆಲೆಯ ಅಂಚಿನಲ್ಲಿ, ಅಚ್ಚುಕಟ್ಟಾಗಿ, ಒಂದು ದಾಸವಾಳದ ಎಲೆ.

ನಾನು ಹೊಸ್ತಿಲಲ್ಲೇ ಕೂತುಬಿಟ್ಟೆ. ಬೇಸಗೆಯ ಕತೆಯನ್ನೆಲ್ಲ ಅಲ್ಲಿಯೇ ಒದರಿಬಿಟ್ಟೆ.

"ಗೊತ್ತುಂಟು ಮಾರಾಯ್ರೇ" ಎಂದಳು ಸುಂದರಿ, ಕಣ್ಣೊರೆಸಿಕೊಂಡು ನಗುತ್ತಾ. "ಅಮ್ಮ ಮರುದಿನವೇ ಹೇಳಿದ್ದರು. ಮಾಸ್ಟ್ರು ತಲೆಗೆ ಹಾಕುವ ಸೊಪ್ಪು ಅರೆದು ಕೊಟ್ಟರು, ಪಾಪ, ದಣಿದು ಬಂದಿದ್ದರು, ನಾನು ಉಂಡೆ, ನೀನು ಕೇಳಬೇಡ ಅಂತ. ನೀವೇ ಹೇಳ್ತೀರೋ ಅಂತ ಇಷ್ಟು ದಿನ ಕಾದೆ."

ನಾಚಿಕೆಯಿಂದ ಸತ್ತೇ ಹೋದೆ. ಆದರೆ ಮಾಸ್ತರನ ಬುದ್ಧಿ ಎಲ್ಲಿ ಹೋಗುತ್ತದೆ? ರಾತ್ರಿ ಮಲಗಿದಾಗ ಸಂಶಯ ಹುಟ್ಟಿತು. ಬಡಿಸುವಾಗ ಸುಂದರಿಯೂ ಒಳಗಿದ್ದಳಲ್ಲ! ನನ್ನ ಬಾಯಿ ಬಿಡಿಸಲು ಅವಳೇ ಗೆರೆ ಎಳೆದು ಎಲೆ ಇಟ್ಟಿರಬಾರದೇಕೆ? ಕೇಳಿದರೆ, "ಹಲ್ಲಿ ಇಟ್ಟಿರಬೇಕು" ಎಂದು ಮಗ್ಗುಲು ಬದಲಿಸಿದಳು.

ಮರುವರ್ಷದ ಆಟಿಯಲ್ಲಿ ಪ್ರಯೋಗ ಮಾಡಿಯೇ ಬಿಡುವುದೆಂದು ತೀರ್ಮಾನಿಸಿದೆ. ಒಂದು ದಾಸವಾಳದ ಎಲೆಯನ್ನು ತಂಬುಳಿಯ ಅಡಿಯಲ್ಲಿ ಮುಳುಗಿಸಿದೆ. ಸುಂದರಿಗೆ ಹೇಳಲಿಲ್ಲ. ಅವಳನ್ನು ಮೊದಲೇ ಹೊರಗೆ ಕಳುಹಿಸಿ, ಒಬ್ಬನೇ ಬಡಿಸಿ, ಕಿಟಕಿಯ ಅಗುಳಿ ಹಾಕಿ, ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತೆ. ಎಲೆ ಬಟ್ಟಲಲ್ಲೇ ಇದ್ದರೆ ವಿಜ್ಞಾನ ಗೆದ್ದ ಹಾಗೆ. ಅಂಚಿಗೆ ಬಂದಿದ್ದರೆ ನಾನು ಸೋತ ಹಾಗೆ. ಮೂರನೆಯದೊಂದು ಸಾಧ್ಯತೆ ನನಗೆ ಹೊಳೆದಿರಲಿಲ್ಲ.

ಬಾಗಿಲು ತೆಗೆದು ನೋಡಿದೆ. ಅಂಚು ಖಾಲಿ. ಗೆದ್ದೆ ಎಂದು ಬಟ್ಟಲಿಗೆ ಕೈ ಹಾಕಿದೆ. ತಂಬುಳಿ ಇಟ್ಟಷ್ಟೇ ಇತ್ತು. ತಳದವರೆಗೆ ಬೆರಳಾಡಿಸಿದೆ. ಎಲೆ ಇರಲಿಲ್ಲ. ನಾನು ಎರಡನೆಯ ಸಲ ಮೋಸ ಮಾಡಿದ್ದೆ. ಅತ್ತೆ ಎರಡನೆಯ ಸಲವೂ ಅದನ್ನು ನುಂಗಿ, ಮಗಳ ಮುಂದೆ ನನ್ನ ಮಾನ ಉಳಿಸಿ ಹೋಗಿದ್ದರು.

ಈಗಲೂ ಮಕ್ಕಳು ತರಗತಿಯಲ್ಲಿ, "ಸರ್, ದೆವ್ವ ಉಂಟಾ?" ಎಂದು ಕೇಳುತ್ತಾರೆ. "ಪುಸ್ತಕದಲ್ಲಿ ಇಲ್ಲ, ಬರೆದುಕೊಳ್ಳಿ" ಎನ್ನುತ್ತೇನೆ. ಬರಿದೆ 'ಇಲ್ಲ' ಎಂದರೆ ಸಾಕಿತ್ತು. ಆದರೆ ಕರಿಹಲಗೆಯ ಕಡೆಗೆ ತಿರುಗಿದಾಗ ಬೆನ್ನ ಹಿಂದಿನಿಂದ 'ಚ್ಚ್' ಎಂದು ಕೇಳಿಸಿದರೆ, ಅದು ಹಲ್ಲಿ ಎಂದು ಯಾರಿಗೆ ಹೇಳಲಿ?