ಒಂದು ಕಾಲಿನ ಲೆಕ್ಕ

ಕಡಿದ ಮರ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ತಿಳಿಯುವ ಹುಚ್ಚು ಸರ್ಕಾರಕ್ಕೆ ಹತ್ತಿತು. ಒಂದು ದಿಮ್ಮಿಗೆ ಅಳಿಸಲಾಗದ ನೀಲಿ ಬಣ್ಣ ಕುಡಿಸಿ ಮರದ ಮಿಲ್ಲಿಗೆ ಕಳಿಸಿದರು. ಅದರ ಬೆನ್ನು ಹತ್ತುವ ಕೆಲಸ ಅರಣ್ಯ ಇಲಾಖೆಯ ಒಬ್ಬ ಗುಮಾಸ್ತನ ತಲೆಗೆ ಬಿತ್ತು.

ಮುಕ್ಕಾಲು ಭಾಗ ಪ್ಲೈವುಡ್ ಆಗಿ ಸಿಕ್ಕಿತು. ಕಾಲು ಭಾಗ ಮಾಯ.

"ಸಂಜೆಯೊಳಗೆ ಕಾಲು ಹುಡುಕಿ ತನ್ನಿ. ಇಲ್ಲಾಂದ್ರೆ ಬೋಳುಗುಡ್ಡದ ಡಿಪೋಗೆ ವರ್ಗ," ಎಂದರು ಸಾಹೇಬರು. ಅಲ್ಲಿ ಮರವೆಲ್ಲ ಕಡಿದು ಮುಗಿದು, ನಿಲ್ಲಲು ನೆರಳೂ ಉಳಿದಿರಲಿಲ್ಲ.

ಮಿಲ್ಲಿನಲ್ಲಿ ಗರಗಸ ನಡೆಸುವವನು ಗುಮಾಸ್ತನ ಹೆಂಡತಿಯ ತಮ್ಮ. ಕಾಲು ಎಲ್ಲಿ ಹೋಯಿತೆಂದು ಗುಮಾಸ್ತ ಮೊದಲು ಅವನನ್ನೇ ಕೇಳಿದ.

"ಕಾಲಾ? ಅದು ಕಾಲಾಯ್ತಲ್ಲ ಭಾವ."

"ಕಾಲು ಕಾಲೇ ಕಣೋ. ಏನಾಯ್ತು ಹೇಳು."

"ಅದನ್ನೇ ಹೇಳ್ತಿರೋದು. ಕಾಲಾಯ್ತು."

ಭಾವಮೈದುನನ ಹತ್ತಿರ ವಾದಕ್ಕಿಳಿದರೆ ಮರ್ಯಾದೆ ಉಳಿಯದೆಂದು ಗುಮಾಸ್ತ, ಮಿಲ್ಲಿನ ಚೂರುಪಾರೆಲ್ಲ ಹೋಗುವ ಕಾಗದದ ಕಾರ್ಖಾನೆಗೆ ನಡೆದ. ವಾಚ್‌ಮನ್ ಮರದ ಹೊಟ್ಟಿನ ಗುಡ್ಡೆ ತೋರಿಸಿ, "ಇದ್ರೆ ಇದರಲ್ಲೇ ಇರ್ಬೇಕು, ಇಳೀರಿ," ಎಂದ. ಗುಮಾಸ್ತ ಕುತ್ತಿಗೆಯವರೆಗೆ ಇಳಿದ. ಮೇಲೆ ಬಂದಾಗ ರವೆಯಲ್ಲಿ ಹೊರಳಿಸಿದ ಕಟ್ಲೆಟ್ಟಿನಂತಿದ್ದ.

"ಅಲ್ಲ ಸ್ವಾಮಿ," ವಾಚ್‌ಮನ್‌ಗೆ ಆಗ ನೆನಪಾಯಿತು, "ಕಾಗದ ಬಿಳೀದಲ್ವಾ? ನೀಲಿ ಮರ ನಾವು ಒಳಗೇ ಬಿಡಲ್ಲ."

ಅಂಗಿ ಬದಲಿಸಲು ಮನೆಗೆ ಬಂದರೆ ಪಕ್ಕದ ಮನೆಯಾಕೆ ಕೂತಿದ್ದಳು.

"ಏನಣ್ಣ, ವಾರದಿಂದ ನಿಮ್ಮ ಮಂಚದ ಸದ್ದೇ ಇಲ್ಲ. ಗಂಡ ಹೆಂಡ್ತಿ ಮಾತು ಬಿಟ್ಟಿದ್ದೀರೇನೋ ಅಂದ್ಕೊಂಡೆ."

ಗುಮಾಸ್ತನ ಕೂದಲಿಂದ ಹೊಟ್ಟು ಉದುರುತ್ತಿತ್ತು.

"ಮಾತು ಬಿಟ್ಟಿಲ್ಲ," ಎಂದಳು ಹೆಂಡತಿ, ಗೋಡೆ ನೋಡುತ್ತ. "ಇವರು ಇವತ್ತು ನಾಳೆ ಅಂತ ರಿಪೇರಿ ತಳ್ತಾನೇ ಇದ್ರು. ನನ್ನ ತಮ್ಮ ಮಿಲ್ಲಿನ ತುಂಡಲ್ಲಿ ಹೊಸ ಕಾಲು ಹಾಕಿಸಿಕೊಟ್ಟ."

ಗುಮಾಸ್ತ ಮಂಚದಿಂದ ನೆಲದವರೆಗೆ ಇಳಿಬಿದ್ದ ಹೊದಿಕೆಯನ್ನು ಮೆಲ್ಲಗೆ ಎತ್ತಿದ. ಒಂದು ಕಾಲಿನಲ್ಲಿ ನಾಲ್ಕು ಕಾಲು. ನಾಲ್ಕೂ ನೀಲಿ. ದೇಶದ ಮರ ಹುಡುಕುತ್ತ ಅಲೆದವನು ವಾರದಿಂದ ಅದರ ಮೇಲೆಯೇ ಗೊರಕೆ ಹೊಡೆದಿದ್ದ.

ಹೆಂಡತಿ ಬೈಯುತ್ತಿದ್ದಂತೆ ಕಾಲುಗಳನ್ನು ಕಿತ್ತು, ಕಂಕುಳಲ್ಲಿ ಇರುಕಿಕೊಂಡು ಕಚೇರಿಗೆ ಓಡಿದ. ಸಾಹೇಬರು ಒಂದೊಂದನ್ನೂ ಸವರಿ ನೋಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಪೂರ್ತಿ ಲೆಕ್ಕ ಸಿಕ್ಕಿದ ಮೊದಲನೇ ದಿಮ್ಮಿ ಇದು. ನಿಮ್ಮಂಥವರು ಇಲ್ಲಿ ಕೊಳೀಬಾರ್ದು ಕಣ್ರಿ."

ಗುಮಾಸ್ತನ ಎದೆ ಉಬ್ಬಿತು. "ಹಾಗಾದ್ರೆ ಎಲ್ಲಿಗೆ ಸಾರ್?"

"ಬೋಳುಗುಡ್ಡದ ಡಿಪೋಗೆ. ಅಲ್ಲಿ ಒಂದು ದಿಮ್ಮೀದೂ ಲೆಕ್ಕ ಇಲ್ಲ. ನಾಳೇನೇ ಹೊರಡಿ. ಮನೆ ಕೊಡ್ತಾರೆ," ಎಂದು ಸಾಹೇಬರು ಬೀಗದ ಕೈ ಜೇಬಿಗಿಳಿಸಿದರು. "ಮಂಚ ಮಾತ್ರ ನೀವೇ ತಗೊಂಡು ಹೋಗ್ಬೇಕು."