ನೂರ ಹನ್ನೆರಡು ಮಂದಿ ನೋಡಿದ ನಾಟಕ

"14 ಏಪ್ರಿಲ್ 1974, ಭಾನುವಾರ. ಇಂದು ಸಂಜೆ ರಾಜಾಜಿನಗರದಲ್ಲಿ ನೋಡಲು ಯೋಗ್ಯವಾದ ಕಾರ್ಯಕ್ರಮ ಯಾವುದೂ ಇರುವುದಿಲ್ಲ. ಇದ್ದರೂ ಸಾರ್ವಜನಿಕರು ನೋಡತಕ್ಕದ್ದಲ್ಲ."

ಸತ್ಯವತಮ್ಮನವರ ಡೈರಿಯಲ್ಲಿರುವ ಈ ಸಾಲುಗಳು ಅವರ ಸ್ವಂತದವಲ್ಲ. ಪಶ್ಚಿಮ ಬಡಾವಣೆಗಳ ಸಾಹಿತ್ಯ ಮತ್ತು ರಂಗ ಸಮಿತಿ ಹೊರಡಿಸಿದ ಪ್ರಕಟಣೆಯನ್ನು ಅವರು ಅಕ್ಷರಕ್ಕೆ ಅಕ್ಷರ ನಕಲು ಮಾಡಿಟ್ಟುಕೊಂಡದ್ದು. ಬಿ.ಎ. ಮಾಡಿದ ಹೆಂಗಸು, ಹಾಲಿನವನು ಬಂದ ಹೊತ್ತನ್ನೂ ತಪ್ಪದೆ ಬರೆದಿಡುವವರು.

ಸಮಿತಿ ಹುಟ್ಟಿದ್ದು ಜನರ ಹಿತಕ್ಕಾಗಿಯೇ. ಆ ವರ್ಷ ಸಂಕ್ರಾಂತಿಯ ಮಾರನೆಯ ದಿನ ವಿಜಯನಗರದಲ್ಲಿ ನಲವತ್ತು ಮಂದಿ ಹರಿಕಥೆಯೆಂದು ನಂಬಿ ಕವಿಗೋಷ್ಠಿಯಲ್ಲಿ ಕೂತುಬಿಟ್ಟಿದ್ದರು. ಗೋಷ್ಠಿಯ ಅಧ್ಯಕ್ಷರು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಸಿಕೊಂಡಿದ್ದರಿಂದ ಮೂರು ಗಂಟೆ ಯಾರೂ ಎದ್ದು ಹೋಗುವಂತಿರಲಿಲ್ಲ. ಇಂಥ ಅನಾಹುತ ಮತ್ತೆ ಆಗದಿರಲೆಂದು, ನೋಡಲು ಯೋಗ್ಯವಾದ ಕಾರ್ಯಕ್ರಮಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುವುದೆಂದೂ, ಪಟ್ಟಿಯಲ್ಲಿಲ್ಲದ ಕಾರ್ಯಕ್ರಮಕ್ಕೆ ಸಭಾಭವನದ ಬೀಗ ತೆಗೆಯಬಾರದೆಂದೂ ತೀರ್ಮಾನವಾಯಿತು. ಮೂರು ತಿಂಗಳು ಪಟ್ಟಿ ಖಾಲಿಯಾಗಿಯೇ ಬಂತು. ಅನಾಹುತವೂ ಆಗಲಿಲ್ಲ. ಸಮಿತಿ ತನ್ನನ್ನು ತಾನೇ ಅಭಿನಂದಿಸಿ ಒಂದು ನಿರ್ಣಯ ಅಂಗೀಕರಿಸಿತು.

ಸತ್ಯವತಮ್ಮನವರಿಗೆ ಇದರಿಂದ ತೊಂದರೆಯಾದದ್ದು ಸೊಸೆಯ ಕಾರಣಕ್ಕೆ. ವತ್ಸಲಾ ಮಹಿಳಾ ಸಮಾಜದ ಆರು ಹೆಂಗಸರನ್ನು ಕಟ್ಟಿಕೊಂಡು ತಾನೇ ಬರೆದ ಏಕಾಂಕ ನಾಟಕವನ್ನು ಮೂರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಳು. ಅದರಲ್ಲಿ ತಹಶೀಲ್ದಾರನ ಪಾತ್ರ ಅವಳದೇ. ಅಷ್ಟರಲ್ಲಿ ಗಂಡನಿಗೆ ದಾವಣಗೆರೆಗೆ ವರ್ಗವಾಯಿತು. ಮೇ ಒಂದನೇ ತಾರೀಖು ಹೊರಡಬೇಕು.

"ಅತ್ತೆ, ಒಂದೇ ಒಂದು ಸಲ ಸ್ಟೇಜ್ ಹತ್ತಿಬಿಟ್ರೆ ಸಾಕು. ಆಮೇಲೆ ದಾವಣಗೆರೇಲಿ ಜನ್ಮ ಪೂರ್ತಿ ರೊಟ್ಟಿ ತಟ್ಕೊಂಡು ಇರ್ತೀನಿ."

"ಹತ್ತಿಸ್ತೀನಿ ಕಣೇ. ನಾನೇನು ಬಿ.ಎ. ಸುಮ್ನೆ ಮಾಡಿದೀನಾ?"

ಸಮಿತಿಯ ಕಾರ್ಯದರ್ಶಿ ಚಕ್ರಪಾಣಿಯವರು ಸತ್ಯವತಮ್ಮ ತಂದ ಅರ್ಜಿಯನ್ನು ಎರಡು ಸಲ ಓದಿದರು.

"ಪಟ್ಟಿಗೆ ಸೇರಬೇಕಾದರೆ ನೂರು ಜನ ಪ್ರೇಕ್ಷಕರ ಸಹಿ ಬೇಕು ತಾಯಿ. ನೋಡಿದವರು ತಾನೇ ಯೋಗ್ಯವೋ ಅಲ್ಲವೋ ಹೇಳಬೇಕು?"

"ಪಟ್ಟಿಗೆ ಸೇರದೆ ನೀವು ಬೀಗ ತೆಗೆಯಲ್ಲ. ನೂರು ಜನ ಎಲ್ಲಿ ನೋಡ್ತಾರೆ?"

"ಅದು ಪ್ರೇಕ್ಷಕರ ಇಷ್ಟ. ಎಲ್ಲಿ ಕೂತು ನೋಡಬೇಕು ಅಂತ ನಿಯಮದಲ್ಲಿ ಇಲ್ಲ." ಚಕ್ರಪಾಣಿಯವರು ಹೊಸ ಹಾಜರಿ ಪುಸ್ತಕವೊಂದನ್ನು ಮುಂದಕ್ಕೆ ತಳ್ಳಿದರು. "ಅವರವರ ಮನೇಲೇ ಕೂತಿದ್ದರೂ ಸಮಿತಿಯ ಆಕ್ಷೇಪಣೆ ಇಲ್ಲ. ಅಭಿಪ್ರಾಯದ ಕಾಲಂ ಮಾತ್ರ ಖಾಲಿ ಬಿಡಬೇಡಿ."

ಮರುದಿನ ಬೆಳಿಗ್ಗೆ ಸತ್ಯವತಮ್ಮ ಪುಸ್ತಕದ ಮೊದಲ ಪುಟದಲ್ಲಿ "ನಾಟಕ ನೋಡಿದವರು" ಎಂದು ದುಂಡಗೆ ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಚಪ್ಪಲಿ ಮೆಟ್ಟಿ ಹೊರಟರು. ಮೊದಲು ಸಿಕ್ಕವಳು ಹೂವಿನ ರಾಮಕ್ಕ.

"ನಂಗೆ ಸಹಿ ಬರಾಕಿಲ್ಲ ಕಣವ್ವಾ. ನಾಟ್ಕದಾಗೆ ಯಾರಾನಾ ಸಾಯ್ತಾರಾ?"

"ಯಾರೂ ಸಾಯಲ್ಲ ರಾಮಕ್ಕ."

"ಅಂಗಾದ್ರೆ ಎಲ್ಡೂ ಹೆಬ್ಬೆಟ್ಟು ಒತ್ತೀನಿ, ತಗಾ."

ನಿವೃತ್ತ ಸಬ್ ಇನ್ಸ್‌ಪೆಕ್ಟರ್ ವೆಂಕಟರಮಣಪ್ಪನವರು ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ಯೋಚಿಸಿ, "ಎರಡನೇ ಅಂಕ ಸ್ವಲ್ಪ ಎಳೆದಂತಾಯಿತು" ಎಂದು ಬರೆದರು.

"ಸಾರ್, ಇದು ಒಂದೇ ಅಂಕದ ನಾಟಕ."

"ನೋಡಿ ಮತ್ತೆ! ಅಲ್ಲಿಗೇ ನಿಲ್ಲಿಸಬೇಕಿತ್ತು."

ನಾಲ್ಕನೇ ಬ್ಲಾಕಿನ ಅಕ್ಕಯ್ಯಮ್ಮ ಸಹಿ ಹಾಕಿ ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಸತ್ಯೂ, ನಾಟಕ ಮುಗೀತಲ್ಲ, ಉಪ್ಪಿಟ್ಟು ಎಲ್ಲೇ?"

ಕೇಳಿದ್ದು ನ್ಯಾಯವೇ. ಕಾರ್ಯಕ್ರಮವಾದ ಮೇಲೆ ಉಪ್ಪಿಟ್ಟು ಕೊಡದೆ ಕಳಿಸುವ ಪದ್ಧತಿ ಆ ಬಡಾವಣೆಯಲ್ಲಿ ಇರಲಿಲ್ಲ. ಸಂಜೆಯಿಂದ ಸತ್ಯವತಮ್ಮ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ತಿರುಗಿದರು. ಸಹಿಗಳು ಚುರುಕಾದವು. ಬಸವೇಶ್ವರನಗರದಿಂದಲೂ ಕೆಲವರು ತಾವಾಗಿಯೇ ಬಂದು, ನಾಟಕ ನೋಡಿದ್ದಾಗಿ ತಿಳಿಸಿ, ತಿಂದು ಹೋದರು. ಐದು ದಿನಕ್ಕೆ ನೂರ ಹನ್ನೆರಡು ಸಹಿ.

ಸಮಿತಿಯ ಏಳೂ ಸದಸ್ಯರು ಪರಿಶೀಲನೆಗೆ ಸತ್ಯವತಮ್ಮನವರ ಮನೆಗೇ ಬಂದರು. ಕಾರ್ಯಕ್ರಮದಲ್ಲಿ ಪರಿಶೀಲಿಸಲು ಸಿಕ್ಕ ಭಾಗ ತಿಂಡಿ ಮಾತ್ರವಾದ್ದರಿಂದ ಅದನ್ನು ಕೂಲಂಕಷವಾಗಿ, ಕೇಸರಿಬಾತಿನ ಸಮೇತ ಪರಿಶೀಲಿಸಿದರು. ನಾಟಕ ನೋಡಲು ಯೋಗ್ಯವೆಂದು ಸರ್ವಾನುಮತದಿಂದ ಘೋಷಿಸಲಾಯಿತು.

"ಹಾಗಾದರೆ ಭಾನುವಾರಕ್ಕೆ ಭವನದ ಬೀಗದ ಕೈ ಕೊಡಿ," ಎಂದರು ಸತ್ಯವತಮ್ಮ.

ಚಕ್ರಪಾಣಿಯವರು ಕೈ ತೊಳೆದು ಬಂದರು. "ಹನ್ನೊಂದನೇ ನಿಯಮ ಇದೆಯಲ್ಲ ತಾಯಿ. ಪ್ರೇಕ್ಷಕರು ಒಮ್ಮೆ ನೋಡಿದ ನಾಟಕಕ್ಕೆ ಅದೇ ವರ್ಷ ಭವನ ಕೊಡತಕ್ಕದ್ದಲ್ಲ. ಬೇರೆಯವರಿಗೂ ಅವಕಾಶ ಸಿಗಬೇಕು."

"ಆಡೇ ಇಲ್ಲವಲ್ಲ ಸ್ವಾಮಿ!"

"ಹಾಗಂತ ಬರೆದುಕೊಡಿ. ನೂರ ಹನ್ನೆರಡು ಜನ ಸುಳ್ಳು ಸಹಿ ಹಾಕಿದ್ದಾರೆ, ಹಾಕಿಸಿಕೊಂಡವಳು ನಾನೇ ಅಂತ. ವೆಂಕಟರಮಣಪ್ಪನವರು ಪೊಲೀಸಿನಲ್ಲಿದ್ದವರು, ಬೇಜಾರು ಮಾಡ್ಕೋತಾರೆ. ಈ ಶೀರ್ಷಿಕೆ ನಿಮ್ಮ ಕೈಬರಹ ತಾನೇ?"

ಸತ್ಯವತಮ್ಮ ಪುಸ್ತಕವನ್ನು ತಿರುಗಿಸಿ ನೋಡಿದರು. ಅಕ್ಷರ ದುಂಡಗಿತ್ತು. ಕೆಂಪು ಗೆರೆ ನೆಟ್ಟಗಿತ್ತು. ಅಷ್ಟು ಅಚ್ಚುಕಟ್ಟಾದ ದಾಖಲೆಯನ್ನು ಸುಳ್ಳೆನ್ನಲು ಅವರಿಗೆ ಬಾಯಿ ಬರಲಿಲ್ಲ.

ಏಪ್ರಿಲ್ 28ರಂದು ಸಂಜೆ ಸಭಾಭವನದ ಮೆಟ್ಟಿಲ ಮೇಲೆ, ಬೀಗ ಹಾಕಿದ ಬಾಗಿಲ ಮುಂದೆ, ಸಮಿತಿ ವತ್ಸಲಾಳಿಗೆ ಶಾಲು ಹೊದಿಸಿ ಸನ್ಮಾನಿಸಿತು. ವೆಂಕಟರಮಣಪ್ಪನವರು ಮಾತನಾಡುತ್ತ, ತಹಶೀಲ್ದಾರನ ಪಾತ್ರದ ನಡಿಗೆಯನ್ನು ಬಹುಕಾಲ ಮರೆಯುವಂತಿಲ್ಲ ಎಂದರು. ನೆರೆದವರು ತಲೆಯಾಡಿಸಿದರು. ಕೆಲವರು ಆ ನಡಿಗೆಯನ್ನು ನಡೆದೂ ತೋರಿಸಿದರು.

ಮನೆಗೆ ಬರುವ ದಾರಿಯಲ್ಲಿ ವತ್ಸಲಾ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು.

"ಅತ್ತೆ, ಕೊನೇ ಮಾತು ಹೇಳೋವಾಗ ನನ್ನ ದನಿ ನಡುಗ್ತಂತೆ. ರಾಮಕ್ಕ ಅಂದ್ಲು. ನಿಮಗೂ ಗೊತ್ತಾಯ್ತಾ?"

ಸತ್ಯವತಮ್ಮ ಖಾಲಿ ಟಿಫನ್ ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಸ್ವಲ್ಪ ಕಣೇ," ಎಂದರು. "ಮುಂದೆ ಕೂತವರಿಗೆ ಮಾತ್ರ."

ಒಟ್ಟು ತಗುಲಿದ್ದು: ರವೆ ಒಂಬತ್ತು ಕಿಲೋ, ರೇಷನ್ ಸಕ್ಕರೆ ಎರಡು ಕಿಲೋ, ಚಪ್ಪಲಿ ಒಂದು ಜೊತೆ, ಭವನದ ಬಾಡಿಗೆ ಇಲ್ಲ, ನಾಟಕ ಒಂದು.